ಡಿಜಿಟಲ್ ಅಕಾರ್ಡಿಯನ್: ರೀಡು, ರಿಜಿಸ್ಟರ್ ಮತ್ತು ಶ್ರುತಿಯ ಹೊಂದಾಣಿಕೆ

ಸೆಕೆಂಡಿಗೆ 440 ಬಾರಿ ಕಂಪಿಸುವ ಒಂದು ಉಕ್ಕಿನ ಪಟ್ಟಿ. ಅದರ ಜೊತೆಗೆ 445 ಬಾರಿ ಕಂಪಿಸುವ ಇನ್ನೊಂದು ಪಟ್ಟಿ. ಎರಡನ್ನೂ ಏಕಕಾಲಕ್ಕೆ ನುಡಿಸಿದಾಗ ಸೆಕೆಂಡಿಗೆ ಐದು ಬಾರಿ ಏರಿಳಿಯುವ ನಾದವೊಂದು ಕೇಳಿಬರುತ್ತದೆ. ಪ್ಯಾರಿಸ್ಸಿನ ನೃತ್ಯಶಾಲೆಗಳಿಂದ ಸ್ಕಾಟ್ಲೆಂಡಿನ ಹಳ್ಳಿಗಳವರೆಗೆ ಅಕಾರ್ಡಿಯನ್ ವಾದ್ಯಕ್ಕೆ ಅದರದೇ ಆದ ಗುರುತನ್ನು ತಂದುಕೊಟ್ಟಿರುವುದು ಈ ಅಲುಗಾಟವೇ. ಅದು ಎಷ್ಟಿರಬೇಕೆಂಬುದನ್ನು ಸುಮಾರು ಒಂದೂವರೆ ಶತಮಾನದ ಕಾಲ ನಿರ್ಧರಿಸುತ್ತಿದ್ದವರು ಅರ ಹಿಡಿದು ಉಕ್ಕನ್ನು ಉಜ್ಜುತ್ತಿದ್ದ ಕುಶಲಕರ್ಮಿಗಳು. ಇಂದಿನ ಡಿಜಿಟಲ್ ಅಕಾರ್ಡಿಯನ್ನಿನಲ್ಲಿ ಅದು ಪುಟ್ಟ ಪರದೆಯ ಮೇಲಿನ ಒಂದು ಅಂಕಿ. ಒಂದು ಗುಂಡಿ ಒತ್ತಿದರೆ ಬದಲಾಗುತ್ತದೆ. ಮತ್ತೊಮ್ಮೆ ಒತ್ತಿದರೆ ಹಿಂದಿನಂತಾಗುತ್ತದೆ.

ಈ ಅನುಕೂಲದಿಂದ ವಾದಕನ ಹೊಣೆ ಹೆಚ್ಚಿದೆ. ಕಾರ್ಖಾನೆಯಲ್ಲಿ ತೀರ್ಮಾನವಾಗುತ್ತಿದ್ದ ಸಂಗತಿಗಳನ್ನೆಲ್ಲ ಈಗ ವಾದಕನೇ ತೀರ್ಮಾನಿಸಬೇಕಾಗಿದೆ. ಪರದೆಯ ಮೇಲಿನ ಅಂಕಿ ವಾದ್ಯದೊಳಗಿನ ಯಾವ ಭೌತಿಕ ಸಂಗತಿಯನ್ನು ಪ್ರತಿನಿಧಿಸುತ್ತದೆ ಎಂಬುದು ತಿಳಿಯದಿದ್ದಲ್ಲಿ ಎಷ್ಟು ಆಯ್ಕೆಗಳಿದ್ದರೂ ಪ್ರಯೋಜನವಿಲ್ಲ. ಈ ಹಿನ್ನೆಲೆಯಲ್ಲಿ ಡಿಜಿಟಲ್ ಅಕಾರ್ಡಿಯನ್ನಿನ ರೀಡು ಮತ್ತು ರಿಜಿಸ್ಟರ್‌ಗಳನ್ನು ಹೊಂದಿಸಿಕೊಳ್ಳುವ ಕ್ರಮದ ಪರಿಚಯ ಇಲ್ಲಿದೆ.

ಉಕ್ಕಿನ ನಾಲಗೆ

ಅಕಾರ್ಡಿಯನ್, ಹಾರ್ಮೋನಿಯಂ, ಮೌತ್ ಆರ್ಗನ್ ಮತ್ತು ಹಳೆಯ ಶ್ರುತಿಪೆಟ್ಟಿಗೆ ಒಂದೇ ಕುಲದ ವಾದ್ಯಗಳು. ಲೋಹದ ತಗಡಿನಲ್ಲಿ ಕೊರೆದ ಸೀಳಿನ ಮೇಲೆ ಒಂದು ತುದಿಯನ್ನು ಮಾತ್ರ ಬಿಗಿದ ತೆಳುವಾದ ಪಟ್ಟಿಯೊಂದು ಗಾಳಿಯ ಒತ್ತಡಕ್ಕೆ ಸಿಕ್ಕಿ ಸೀಳಿನ ಒಳಗೂ ಹೊರಗೂ ಕಂಪಿಸುವುದೇ ಇವೆಲ್ಲದರ ಮೂಲತತ್ತ್ವ. ಇದನ್ನೇ ರೀಡು ಎನ್ನುತ್ತಾರೆ. ಚೀನಾದ ಶೆಂಗ್ ಎಂಬ ಪ್ರಾಚೀನ ವಾದ್ಯದಲ್ಲಿಯೂ ಇದೇ ತತ್ತ್ವವಿದೆ.

ವಿಯೆನ್ನಾದ ಸಿರಿಲ್ ಡೆಮಿಯನ್ 1829ರಲ್ಲಿ ತನ್ನ ವಾದ್ಯಕ್ಕೆ ಹಕ್ಕುಪತ್ರ ಪಡೆದಾಗ ಅದಕ್ಕೆ ಅಕಾರ್ಡಿಯನ್ ಎಂದು ಹೆಸರಿಟ್ಟ. ಒಂದು ಕೀಲಿಯನ್ನು ಒತ್ತಿದರೆ ಹಲವು ಸ್ವರಗಳ ಮೇಳ ಹೊರಡುತ್ತಿದ್ದುದೇ ಆ ಹೆಸರಿಗೆ ಕಾರಣ. ಇಟಲಿಯ ಮಾರ್ಕೆ ಪ್ರಾಂತದ ಕಾಸ್ಟೆಲ್‌ಫಿದಾರ್ದೊ ಎಂಬ ಪಟ್ಟಣದಲ್ಲಿ ಪಾವ್ಲೊ ಸೊಪ್ರಾನಿ 1863ರಲ್ಲಿ ತಯಾರಿಕೆ ಆರಂಭಿಸಿದ ನಂತರ ಆ ಊರು ಅಕಾರ್ಡಿಯನ್ನಿನ ತವರೂರಾಗಿ ಬೆಳೆಯಿತು. ಈ ವಾದ್ಯಕ್ಕೆಂದೇ ಮೀಸಲಾದ ಅಂತಾರಾಷ್ಟ್ರೀಯ ವಸ್ತುಸಂಗ್ರಹಾಲಯವೂ ಅಲ್ಲಿದೆ.

ಸಾಂಪ್ರದಾಯಿಕ ವಾದ್ಯದಲ್ಲಿ ಒಂದೊಂದು ತಗಡಿಗೂ ಎರಡು ನಾಲಗೆಗಳಿರುತ್ತವೆ. ತಿದಿಯನ್ನು ಎಳೆದಾಗ ಒಂದು ನುಡಿದರೆ, ಒತ್ತಿದಾಗ ಮತ್ತೊಂದು ನುಡಿಯುತ್ತದೆ. ಈ ತಗಡುಗಳನ್ನು ಜೇನುಮೇಣ ಮತ್ತು ರಾಳದ ಮಿಶ್ರಣದಿಂದ ಮರದ ಚೌಕಟ್ಟಿಗೆ ಅಂಟಿಸಲಾಗಿರುತ್ತದೆ. ಬಲಗೈ ಭಾಗದಲ್ಲಿ 41 ಕೀಲಿಗಳು ಮತ್ತು ನಾಲ್ಕು ಸಾಲು ರೀಡುಗಳಿರುವ ವಾದ್ಯದಲ್ಲಿ ಆ ಒಂದು ಭಾಗಕ್ಕೇ 328 ನಾಲಗೆಗಳು ಬೇಕು. ಐದು ಸಾಲುಗಳಾದರೆ 410. ಇವುಗಳಲ್ಲಿ ಪ್ರತಿಯೊಂದನ್ನೂ ಕೈಯಿಂದಲೇ ಶ್ರುತಿ ಮಾಡಬೇಕು. ನಾಲಗೆಯ ತುದಿಯನ್ನು ಅರದಿಂದ ಉಜ್ಜಿದರೆ ಸ್ವರ ಏರುತ್ತದೆ. ಬುಡವನ್ನು ಉಜ್ಜಿದರೆ ಇಳಿಯುತ್ತದೆ. ಉಜ್ಜಿಹೋದ ಉಕ್ಕು ಮತ್ತೆ ಬಾರದು. ಆದ್ದರಿಂದ ಒಮ್ಮೆ ಒಂದು ಶೈಲಿಗೆ ಶ್ರುತಿಗೊಂಡ ವಾದ್ಯವನ್ನು ಇನ್ನೊಂದು ಶೈಲಿಗೆ ತಿರುಗಿಸುವುದು ದುಬಾರಿಯೂ ಅಪಾಯಕಾರಿಯೂ ಆದ ಕೆಲಸ. ಫ್ರೆಂಚ್ ಶೈಲಿಗೊಂದು, ಜಾಝ್ ಸಂಗೀತಕ್ಕೊಂದು ಎಂದು ಬೇರೆ ಬೇರೆ ವಾದ್ಯಗಳನ್ನು ಇಟ್ಟುಕೊಳ್ಳುವ ಕಲಾವಿದರಿರುವುದು ಇದೇ ಕಾರಣಕ್ಕೆ.

ರಿಜಿಸ್ಟರ್ ಎಂದರೇನು

ಕೀಲಿಯೊಂದನ್ನು ಒತ್ತಿದಾಗ ಯಾವ ಯಾವ ಸಾಲಿನ ರೀಡುಗಳು ನುಡಿಯಬೇಕು ಎಂಬುದನ್ನು ಆಯ್ಕೆ ಮಾಡುವ ಗುಂಡಿಯೇ ರಿಜಿಸ್ಟರ್. ಹಾರ್ಮೋನಿಯಂ ಬಲ್ಲವರಿಗೆ ಈ ಕಲ್ಪನೆ ಹೊಸದಲ್ಲ. ಉತ್ತರ ಕರ್ನಾಟಕದಲ್ಲಿ ಪೇಟಿ ಎಂದು ಕರೆಯಲಾಗುವ ಆ ವಾದ್ಯದಲ್ಲಿ ಬಾಸ್, ಮೇಲ್, ಫೀಮೇಲ್ ಎಂಬ ಸಾಲುಗಳನ್ನು ಸೇರಿಸುವ ಹಾಗೂ ಬಿಡಿಸುವ ಗುಬುಟುಗಳು ಇದೇ ಕೆಲಸವನ್ನು ಮಾಡುತ್ತವೆ.

ಅಕಾರ್ಡಿಯನ್ನಿನ ಸಾಲುಗಳನ್ನು ಪೈಪ್ ಆರ್ಗನ್ನಿನ ಕೊಳವೆಗಳ ಉದ್ದದ ಲೆಕ್ಕದಲ್ಲಿ ಹೆಸರಿಸುವುದು ವಾಡಿಕೆ. ಎಂಟು ಅಡಿ ಎಂದರೆ ಬರೆದ ಸ್ವರವೇ ನುಡಿಯುವ ಮಧ್ಯಮ ಸಾಲು. ಹದಿನಾರು ಅಡಿ ಎಂದರೆ ಒಂದು ಸ್ಥಾಯಿ ಕೆಳಗೆ. ನಾಲ್ಕು ಅಡಿ ಎಂದರೆ ಒಂದು ಸ್ಥಾಯಿ ಮೇಲೆ. ರಿಜಿಸ್ಟರ್ ಗುಂಡಿಗಳ ಮೇಲೆ ವೃತ್ತವೊಂದನ್ನು ಎರಡು ಅಡ್ಡಗೆರೆಗಳಿಂದ ಮೂರು ಭಾಗ ಮಾಡಿ ಚುಕ್ಕೆಗಳನ್ನು ಇಟ್ಟಿರುತ್ತಾರೆ. ಕೆಳಗಿನ ಭಾಗದ ಚುಕ್ಕೆ ಮಂದ್ರ ಸಾಲನ್ನೂ, ನಡುವಿನ ಚುಕ್ಕೆಗಳು ಮಧ್ಯಮ ಸಾಲುಗಳನ್ನೂ, ಮೇಲಿನ ಚುಕ್ಕೆ ತಾರ ಸಾಲನ್ನೂ ಸೂಚಿಸುತ್ತವೆ. ಈ ಚಿಹ್ನೆಯನ್ನು ಓದಲು ಬಂದರೆ ಯಾವ ದೇಶದ ವಾದ್ಯವಾದರೂ ಅರ್ಥವಾಗುತ್ತದೆ.

ಪ್ರಚಲಿತವಾಗಿರುವ ಮುಖ್ಯ ರಿಜಿಸ್ಟರ್‌ಗಳು ಹೀಗಿವೆ:

ಬಸೂನ್: ಮಂದ್ರ ಸಾಲು ಮಾತ್ರ. ಗಂಭೀರವಾದ, ತುಂಬಿದ ನಾದ.
ಕ್ಲಾರಿನೆಟ್: ಮಧ್ಯಮ ಸಾಲು ಒಂದೇ. ಸರಳವಾದ, ಅಲುಗಾಟವಿಲ್ಲದ ಸ್ವರ.
ಪಿಕೊಲೊ: ತಾರ ಸಾಲು ಮಾತ್ರ. ತೀಕ್ಷ್ಣ ನಾದ.
ಬ್ಯಾಂಡೋನಿಯನ್: ಮಂದ್ರ ಮತ್ತು ಮಧ್ಯಮ. ಅರ್ಜೆಂಟೀನಾದ ಟ್ಯಾಂಗೊ ಸಂಗೀತದ ಬ್ಯಾಂಡೋನಿಯನ್ ವಾದ್ಯದಲ್ಲಿ ಒಂದು ಸ್ಥಾಯಿ ಅಂತರದ ಎರಡು ರೀಡುಗಳು ಒಟ್ಟಿಗೆ ನುಡಿಯುವುದರಿಂದ ಈ ಹೆಸರು.
ಆರ್ಗನ್: ಮಂದ್ರ ಮತ್ತು ತಾರ. ನಡುವಿನ ಸಾಲು ಇರುವುದಿಲ್ಲ.
ವಯೊಲಿನ್: ಶ್ರುತಿಯಲ್ಲಿ ಕೊಂಚ ಭೇದವಿರುವ ಎರಡು ಮಧ್ಯಮ ಸಾಲುಗಳು.
ಮ್ಯೂಸೆಟ್: ಇಂತಹ ಮೂರು ಮಧ್ಯಮ ಸಾಲುಗಳು.
ಮಾಸ್ಟರ್: ಎಲ್ಲ ಸಾಲುಗಳೂ ಒಟ್ಟಿಗೆ.

ದುಬಾರಿ ವಾದ್ಯಗಳಲ್ಲಿ ಕಸೊಟ್ಟೊ ಎಂಬ ಇನ್ನೊಂದು ವ್ಯವಸ್ಥೆಯಿದೆ. ಮಂದ್ರ ಸಾಲು ಮತ್ತು ಒಂದು ಮಧ್ಯಮ ಸಾಲನ್ನು ವಾದ್ಯದೊಳಗಿನ ಪ್ರತ್ಯೇಕ ಗೂಡಿನಲ್ಲಿ ಇರಿಸಲಾಗುತ್ತದೆ. ಆ ಗೂಡಿನಿಂದ ಹೊರಬರುವಾಗ ನಾದದ ಕರ್ಕಶ ಅಂಶ ತಗ್ಗಿ ಸ್ವರ ಮೃದುವಾಗುತ್ತದೆ. ಡಿಜಿಟಲ್ ವಾದ್ಯಗಳಲ್ಲಿ ಈ ಗುಣವೂ ಆಯ್ಕೆಗೆ ಲಭ್ಯ.

ಮ್ಯೂಸೆಟ್: ಬೇಕೆಂದೇ ತಪ್ಪಿಸಿದ ಶ್ರುತಿ

ರಿಜಿಸ್ಟರ್‌ಗಳ ಪೈಕಿ ಹೆಚ್ಚಿನ ಎಚ್ಚರವನ್ನು ಬೇಡುವುದು ಮ್ಯೂಸೆಟ್. ಇದನ್ನು ಅರಿಯಲು ಸೆಂಟ್ ಎಂಬ ಅಳತೆ ತಿಳಿದಿರಬೇಕು. ಒಂದು ಸ್ಥಾಯಿಯನ್ನು 1,200 ಸಮಭಾಗ ಮಾಡಿದರೆ ಒಂದು ಭಾಗವೇ ಒಂದು ಸೆಂಟ್. ಸ್ಥಾಯಿಯ ಹನ್ನೆರಡು ಸ್ವರಸ್ಥಾನಗಳನ್ನು ಸಮವಾಗಿ ಹಂಚಿದಲ್ಲಿ ಒಂದರಿಂದ ಮುಂದಿನದಕ್ಕೆ 100 ಸೆಂಟ್.

ಸೆಕೆಂಡಿಗೆ 440 ಕಂಪನಗಳ ಸ್ವರಕ್ಕಿಂತ 10 ಸೆಂಟ್ ಮೇಲಿರುವ ಇನ್ನೊಂದು ರೀಡು ಜೊತೆಗೂಡಿದರೆ ಸೆಕೆಂಡಿಗೆ ಸುಮಾರು ಎರಡೂವರೆ ಅಲುಗಾಟಗಳು ಉಂಟಾಗುತ್ತವೆ. 20 ಸೆಂಟ್ ಆದರೆ ಸುಮಾರು ಐದು. ಭೇದ ತೀರಾ ಕಡಿಮೆಯಿರುವ ಶ್ರುತಿಯನ್ನು ವಾದಕರು ಡ್ರೈ, ಅಂದರೆ ಒಣ ಶ್ರುತಿ ಎನ್ನುತ್ತಾರೆ. ಅಲುಗಾಟ ಹೆಚ್ಚಿದ್ದರೆ ವೆಟ್, ಅಂದರೆ ಒದ್ದೆ ಶ್ರುತಿ. ಸ್ಥೂಲವಾಗಿ ಹೇಳುವುದಾದರೆ ಐದು ಸೆಂಟಿನೊಳಗಿನ ಭೇದ ಒಣ ಶ್ರುತಿ. ಇಪ್ಪತ್ತು ಸೆಂಟಿನ ಆಸುಪಾಸಿನದು ಹಳೆಯ ಫ್ರೆಂಚ್ ಶೈಲಿ. ಗಡಿರೇಖೆಗಳು ತಯಾರಕರಿಂದ ತಯಾರಕರಿಗೆ ಬದಲಾಗುತ್ತವೆ.

ಈ ಭೇದದ ಹಿಂದೆ ಸಾಮಾಜಿಕ ಚರಿತ್ರೆಯೂ ಇದೆ. ಮ್ಯೂಸೆಟ್ ಎಂಬುದು ಮೂಲತಃ ಫ್ರಾನ್ಸಿನ ಒಂದು ಚೀಲವಾದ್ಯದ ಹೆಸರು. ಓವೆರ್ನ್ಯ್ ಪ್ರಾಂತದಿಂದ ಪ್ಯಾರಿಸ್ಸಿಗೆ ವಲಸೆ ಬಂದವರು ತಮ್ಮ ನೃತ್ಯಕೂಟಗಳಲ್ಲಿ ಅದನ್ನು ನುಡಿಸುತ್ತಿದ್ದರು. ಇಟಲಿಯಿಂದ ವಲಸೆ ಬಂದ ಅಕಾರ್ಡಿಯನ್ ವಾದಕರು ಅದೇ ಕೂಟಗಳನ್ನು ಪ್ರವೇಶಿಸಿದ ಮೇಲೆ ಚೀಲವಾದ್ಯ ಹಿಂದೆ ಸರಿಯಿತು. ಹೆಸರು ಮಾತ್ರ ಹೊಸ ವಾದ್ಯದ ನಾದಕ್ಕೆ ಅಂಟಿಕೊಂಡಿತು. ಎಮಿಲ್ ವಾಶೆ ಅವರ ಕಾಲದ ಗಾಢವಾದ ಅಲುಗಾಟ, ಮುಂದೆ ಜಾಝ್ ಪ್ರಭಾವಕ್ಕೆ ಒಳಗಾದ ಗುಸ್ ವಿಸ್ಯೂರ್ ಅವರಂತಹ ವಾದಕರ ಕಾಲಕ್ಕೆ ತಗ್ಗಿತು. ವೇಗದ ಸ್ವರಗುಚ್ಛಗಳನ್ನು ನುಡಿಸುವಾಗ ಅಲುಗಾಟ ಅಡ್ಡಿಯಾಗುತ್ತದೆ ಎಂಬುದು ಇದಕ್ಕೊಂದು ಕಾರಣ. ಸ್ಕಾಟ್ಲೆಂಡಿನಲ್ಲಿ ಜಿಮ್ಮಿ ಶಾಂಡ್ (1908–2000) ಅವರ ನೃತ್ಯವಾದ್ಯವೃಂದದಿಂದ ಜನಪ್ರಿಯವಾದ ಶೈಲಿ ಇಂದಿಗೂ ಗಾಢ ಅಲುಗಾಟಕ್ಕೆ ಹೆಸರಾಗಿದೆ. ಒಂದು ಪ್ರದೇಶದ ಸಂಗೀತವನ್ನು ಇನ್ನೊಂದರಿಂದ ಬೇರ್ಪಡಿಸುವ ಗೆರೆ ಹೀಗೆ ಕೆಲವೇ ಸೆಂಟ್‌ಗಳಲ್ಲಿ ಅಡಗಿದೆ.

ಉಕ್ಕಿನಿಂದ ಅಂಕಿಗೆ

ಅಕಾರ್ಡಿಯನ್ನಿಗೆ ವಿದ್ಯುನ್ಮಾನವನ್ನು ಜೋಡಿಸುವ ಯತ್ನ ಹೊಸತೇನಲ್ಲ. 1960ರ ದಶಕದಲ್ಲಿ ಕಾರ್ಡೋವಾಕ್ಸ್ ಮುಂತಾದ ವಾದ್ಯಗಳು ಅಕಾರ್ಡಿಯನ್ನಿನ ಮೈಯಲ್ಲಿ ಆರ್ಗನ್ ಧ್ವನಿಯನ್ನು ಅಳವಡಿಸಿದ್ದವು. 1983ರಲ್ಲಿ ವಿದ್ಯುನ್ಮಾನ ವಾದ್ಯಗಳ ಪರಸ್ಪರ ಸಂಪರ್ಕಕ್ಕೆ ಮಿಡಿ ಎಂಬ ಮಾನದಂಡ ಬಳಕೆಗೆ ಬಂದ ನಂತರ ಸಾಂಪ್ರದಾಯಿಕ ಅಕಾರ್ಡಿಯನ್ನಿನ ಕೀಲಿಗಳಿಂದ ಹೊರಗಿನ ಧ್ವನಿಯಂತ್ರವನ್ನು ನುಡಿಸುವುದೂ ಸಾಧ್ಯವಾಯಿತು. ಆದರೆ ಇವಾವುವೂ ರೀಡಿನ ನಾದವನ್ನೇ ಅಂಕಿಗಳ ಮೂಲಕ ಮರುಸೃಷ್ಟಿಸುವ ಪ್ರಯತ್ನಗಳಾಗಿರಲಿಲ್ಲ.

ಆ ದಿಕ್ಕಿನ ದೊಡ್ಡ ಹೆಜ್ಜೆ ಜಪಾನಿನ ರೋಲ್ಯಾಂಡ್ ಸಂಸ್ಥೆ 2004ರಲ್ಲಿ ಬಿಡುಗಡೆ ಮಾಡಿದ ವಿ-ಅಕಾರ್ಡಿಯನ್ ಸರಣಿಯ ಎಫ್‌ಆರ್-7. ಮಿಡಿ ಮಾನದಂಡದ ರೂವಾರಿಗಳಲ್ಲಿ ಒಬ್ಬರಾದ ಇಕುತಾರೊ ಕಾಕೆಹಾಶಿ (1930–2017) ಈ ಸಂಸ್ಥೆಯ ಸ್ಥಾಪಕರು. ವಾದ್ಯ ರೂಪುಗೊಂಡದ್ದು ಮಾತ್ರ ಜಪಾನಿನಲ್ಲಿ ಅಲ್ಲ, ಇಟಲಿಯ ಮಾರ್ಕೆ ಪ್ರಾಂತದ ಅಕ್ವಾವೀವಾ ಪಿಚೇನಾದಲ್ಲಿದ್ದ ಅದರ ಯುರೋಪ್ ಘಟಕದಲ್ಲಿ. ಕಾಸ್ಟೆಲ್‌ಫಿದಾರ್ದೊ ಇರುವುದೂ ಇದೇ ಪ್ರಾಂತದಲ್ಲಿಯೇ. 2013ರಲ್ಲಿ ಬಂದ ಎಫ್‌ಆರ್-8ಎಕ್ಸ್ ಮಾದರಿಯಲ್ಲಿ ತಿದಿಯ ಒತ್ತಡವನ್ನು ಇನ್ನಷ್ಟು ಸೂಕ್ಷ್ಮವಾಗಿ ಗ್ರಹಿಸುವ ವ್ಯವಸ್ಥೆಯಿದೆ. ಕಾಸ್ಟೆಲ್‌ಫಿದಾರ್ದೊದ ಬುಗಾರಿ ಸಂಸ್ಥೆಯೂ ಡಿಜಿಟಲ್ ವಾದ್ಯಗಳನ್ನು ಹೊರತಂದಿದೆ. ಕೋರ್ಗ್ ಸಂಸ್ಥೆ 2022ರಲ್ಲಿ ಫೀಸಾ ಸುಪ್ರೇಮಾ ಎಂಬ ಮಾದರಿಯೊಡನೆ ಈ ಕ್ಷೇತ್ರಕ್ಕೆ ಬಂದಿತು.

ಇಂತಹ ವಾದ್ಯದೊಳಗೆ ಕಂಪಿಸುವ ರೀಡುಗಳೇ ಇಲ್ಲ. ತಿದಿ ಇರುತ್ತದೆ, ಅದರೊಳಗಿನ ಗಾಳಿಯ ಒತ್ತಡವನ್ನು ಸಂವೇದಕವೊಂದು ಸತತವಾಗಿ ಅಳೆಯುತ್ತದೆ. ಕೀಲಿಗಳು ಒತ್ತಿದ ಸಂಗತಿಯನ್ನು ತಿಳಿಸುತ್ತವೆ. ನೈಜ ವಾದ್ಯಗಳಿಂದ ಧ್ವನಿಮುದ್ರಿಸಿಕೊಂಡ ನಾದವನ್ನು ಆಧರಿಸಿ, ಆ ಒತ್ತಡದಲ್ಲಿ ಉಕ್ಕಿನ ರೀಡು ಹೇಗೆ ವರ್ತಿಸುತ್ತಿತ್ತೋ ಹಾಗೆ ನುಡಿಯುವ ಸ್ವರವನ್ನು ಗಣಕವು ಕ್ಷಣಾರ್ಧದಲ್ಲಿ ರೂಪಿಸುತ್ತದೆ. ದಪ್ಪನೆಯ ಮಂದ್ರ ರೀಡು ಸಣ್ಣ ರೀಡಿಗಿಂತ ತುಸು ತಡವಾಗಿ ಮಾತನಾಡುವುದು, ಒತ್ತಡ ಹೆಚ್ಚಿದಾಗ ಮಂದ್ರ ಸ್ವರ ಕೊಂಚ ಇಳಿಯುವುದು ಮುಂತಾದ ನೈಜ ರೀಡಿನ ದೌರ್ಬಲ್ಯಗಳನ್ನೂ ಅನುಕರಿಸಬೇಕಾಗುತ್ತದೆ. ಇವಿಲ್ಲದಿದ್ದರೆ ಕಿವಿ ಅದನ್ನು ಅಕಾರ್ಡಿಯನ್ ಎಂದು ಒಪ್ಪುವುದಿಲ್ಲ.

ಹೊಂದಿಸಿಕೊಳ್ಳುವ ಕ್ರಮ

ಮಾದರಿಯಿಂದ ಮಾದರಿಗೆ ಗುಂಡಿಗಳ ಹೆಸರು ಬೇರೆಯಾದರೂ ಹೊಂದಾಣಿಕೆಯ ಕ್ರಮ ಬಹುತೇಕ ಒಂದೇ.

1. ಮೂಲ ವಾದ್ಯದ ಆಯ್ಕೆ: ಇಟಾಲಿಯನ್, ಫ್ರೆಂಚ್, ಜರ್ಮನ್, ಜಾಝ್ ಮುಂತಾದ ಸಿದ್ಧ ಗುಂಪುಗಳಲ್ಲಿ ಬೇಕಾದ ನಾದಕ್ಕೆ ಹತ್ತಿರವಾದುದನ್ನು ಮೊದಲು ಆರಿಸಬೇಕು. ದೂರದ ಗುಂಪಿನಿಂದ ಆರಂಭಿಸಿ ತಿದ್ದುತ್ತಾ ಹೋದರೆ ಕಾಲಹರಣವಾಗುತ್ತದೆ.

2. ಪ್ರತಿಧ್ವನಿಯನ್ನು ಆರಿಸುವುದು: ರಿವರ್ಬ್, ಕೋರಸ್ ಮುಂತಾದ ಪರಿಣಾಮಗಳನ್ನು ಆರಂಭದಲ್ಲೇ ಪೂರ್ತಿಯಾಗಿ ನಿಲ್ಲಿಸಬೇಕು. ಕೋರಸ್ ಸಹ ಶ್ರುತಿಭೇದದಿಂದಲೇ ಕೆಲಸ ಮಾಡುವುದರಿಂದ ಅದು ಚಾಲೂ ಇದ್ದಾಗ ಮ್ಯೂಸೆಟ್ಟಿನ ನಿಜವಾದ ಪ್ರಮಾಣ ಕಿವಿಗೆ ತಿಳಿಯುವುದಿಲ್ಲ.

3. ಒಂದೊಂದೇ ಸಾಲು: ಒಂದೇ ರೀಡನ್ನು ಇಟ್ಟುಕೊಂಡು ಕೆಳಗಿನ ಸ್ವರದಿಂದ ಮೇಲಿನವರೆಗೆ ನುಡಿಸಿ ನೋಡಬೇಕು. ನಂತರ ಎರಡನೆಯದನ್ನು ಸೇರಿಸಬೇಕು. ಮಾಸ್ಟರ್ ರಿಜಿಸ್ಟರ್‌ನಲ್ಲಿ ತಾರ ಸಾಲು ಕಿವಿಗೆ ಚುಚ್ಚುವಂತಿದ್ದರೆ ಅದರ ಪ್ರಮಾಣವನ್ನು ಮಾತ್ರ ತಗ್ಗಿಸಿ, ಮಂದ್ರ ಸಾಲನ್ನು ಹಾಗೆಯೇ ಬಿಡಬಹುದು. ಉಕ್ಕಿನ ವಾದ್ಯದಲ್ಲಿ ರೀಡು ನುಡಿಯುತ್ತದೆ ಅಥವಾ ನುಡಿಯುವುದಿಲ್ಲ. ಪ್ರತಿ ಸಾಲಿಗೂ ಪ್ರತ್ಯೇಕ ಪ್ರಮಾಣ ಅಲ್ಲಿ ದೊರೆಯದು.

4. ಮ್ಯೂಸೆಟ್ ಭೇದ: ಸಿದ್ಧ ಶೈಲಿಗಳಲ್ಲಿ ಒಂದನ್ನು ಆಯ್ದು ನಂತರ ತಿದ್ದುವುದು ಸುರಕ್ಷಿತ. ಮೂರು ಸಾಲುಗಳ ಮ್ಯೂಸೆಟ್ಟಿನಲ್ಲಿ ನಡುವಿನದನ್ನು ಸರಿಯಾದ ಶ್ರುತಿಯಲ್ಲಿಟ್ಟು, ಒಂದನ್ನು ಮೇಲಕ್ಕೂ ಒಂದನ್ನು ಕೆಳಕ್ಕೂ ಸರಿಸಲಾಗುತ್ತದೆ. ಎರಡೂ ಬದಿಗೆ 15 ಸೆಂಟ್ ಇಟ್ಟರೆ 440ರ ಸ್ವರದಲ್ಲಿ ನಡುವಿನ ರೀಡಿನೊಂದಿಗೆ ಸೆಕೆಂಡಿಗೆ ಸುಮಾರು 3.8 ಅಲುಗಾಟಗಳೂ, ಹೊರಗಿನ ಎರಡರ ನಡುವೆ ಸುಮಾರು 7.6 ಅಲುಗಾಟಗಳೂ ಒಟ್ಟೊಟ್ಟಿಗೆ ಕೇಳಿಸುತ್ತವೆ. ಮ್ಯೂಸೆಟ್ ನಾದ ದಟ್ಟವೆನಿಸಲು ಇದೇ ಕಾರಣ.

5. ಸ್ಥಾಯಿಗೆ ತಕ್ಕ ಇಳಿಕೆ: ಹೊಸಬರು ಎಡವುವುದು ಇಲ್ಲಿಯೇ. ಎಲ್ಲ ಸ್ವರಗಳಿಗೂ ಒಂದೇ ಪ್ರಮಾಣದಲ್ಲಿ 20 ಸೆಂಟ್ ಕೊಟ್ಟರೆ 220 ಕಂಪನಗಳ ಸ್ವರದಲ್ಲಿ ಅಲುಗಾಟ ಸೆಕೆಂಡಿಗೆ ಎರಡೂವರೆ, 440ರಲ್ಲಿ ಐದು, 880ರಲ್ಲಿ ಹತ್ತಾಗುತ್ತದೆ. ಮೇಲಿನ ಸ್ವರಗಳು ನಡುಗಿದಂತೆ ಕೇಳಿಸುತ್ತವೆ. ಉಕ್ಕನ್ನು ಉಜ್ಜುವ ಕುಶಲಕರ್ಮಿಗಳು ಕೆಳಗಿನ ಸ್ವರಗಳಿಗೆ ಹೆಚ್ಚು ಸೆಂಟ್, ಮೇಲಿನವಕ್ಕೆ ಕಡಿಮೆ ಸೆಂಟ್ ಕೊಡುತ್ತಾ ಬಂದದ್ದು ಇದನ್ನು ಬಲ್ಲ ಕಾರಣದಿಂದಲೇ. ಪ್ರತಿ ಸ್ವರವನ್ನೂ ತಿದ್ದಲು ಅವಕಾಶವಿರುವ ಮಾದರಿಗಳಲ್ಲಿ ಇದನ್ನು ಅನುಸರಿಸಬಹುದು. ಉದಾಹರಣೆಗೆ 220ರಲ್ಲಿ 24 ಸೆಂಟ್, 440ರಲ್ಲಿ 16, 880ರಲ್ಲಿ 10 ಇಟ್ಟರೆ ಅಲುಗಾಟ ಕ್ರಮವಾಗಿ ಸುಮಾರು ಮೂರು, ನಾಲ್ಕು ಮತ್ತು ಐದಾಗಿ ಹದವಾಗಿ ಏರುತ್ತದೆ.

6. ಯಾಂತ್ರಿಕ ಸದ್ದುಗಳು: ಕೀಲಿ ಬಿಟ್ಟಾಗ ಮುಚ್ಚಳ ಬಡಿಯುವ ಸದ್ದು, ಎಡಗೈ ಗುಂಡಿಗಳ ಸದ್ದು ಮುಂತಾದವುಗಳ ಪ್ರಮಾಣವನ್ನೂ ನಿರ್ಧರಿಸಬಹುದು. ಒಂಟಿ ವಾದನದಲ್ಲಿ ಸ್ವಲ್ಪ ಸದ್ದು ಜೀವಂತಿಕೆ ತರುತ್ತದೆ. ದೊಡ್ಡ ಸಭಾಂಗಣದ ಧ್ವನಿವರ್ಧಕದಲ್ಲಿ ಅದೇ ಸದ್ದು ಕಿರಿಕಿರಿಯಾಗುತ್ತದೆ.

7. ಎಡಗೈ ಭಾಗ: ಪೂರ್ಣ ಪ್ರಮಾಣದ ವಾದ್ಯದಲ್ಲಿ 120 ಗುಂಡಿಗಳಿದ್ದು, ಎರಡು ಸಾಲು ಒಂಟಿ ಸ್ವರಗಳಿಗೆ, ನಾಲ್ಕು ಸಾಲು ಸ್ವರಮೇಳಗಳಿಗೆ ಮೀಸಲು. ಇಲ್ಲಿನ ರೀಡುಗಳನ್ನೂ ಬಲಗೈಯಂತೆಯೇ ಹೊಂದಿಸಬೇಕು. ಬಲಗೈಯಲ್ಲಿ ಬಸೂನ್ ನುಡಿಸುವಾಗ ಎಡಗೈ ತುಂಬು ಧ್ವನಿಯಲ್ಲಿದ್ದರೆ ರಾಗವೇ ಮುಳುಗಿಹೋಗುತ್ತದೆ. ಸಿದ್ಧ ಮೇಳಗಳ ಬದಲು ಎಲ್ಲ ಗುಂಡಿಗಳಲ್ಲೂ ಒಂಟಿ ಸ್ವರಗಳನ್ನು ಕೊಡುವ ಫ್ರೀ ಬಾಸ್ ವ್ಯವಸ್ಥೆಗೂ ಡಿಜಿಟಲ್ ವಾದ್ಯ ಕ್ಷಣದಲ್ಲಿ ಬದಲಾಗಬಲ್ಲದು.

8. ಕೊನೆಗೆ ಪ್ರತಿಧ್ವನಿ: ರೀಡುಗಳ ಹೊಂದಾಣಿಕೆ ಮುಗಿದ ಮೇಲಷ್ಟೇ ರಿವರ್ಬ್ ಸೇರಿಸಬೇಕು.

ತಿದಿಯ ಹದ

ರಿಜಿಸ್ಟರ್ ಎಷ್ಟೇ ಚೆನ್ನಾಗಿ ಹೊಂದಿದ್ದರೂ ತಿದಿಯ ಸ್ಪಂದನೆ ವಾದಕನ ತೋಳಿಗೆ ಒಗ್ಗದಿದ್ದರೆ ನಾದ ನಿರ್ಜೀವವಾಗುತ್ತದೆ. ಎಷ್ಟು ಒತ್ತಡಕ್ಕೆ ಎಷ್ಟು ಧ್ವನಿ ಎಂಬ ಅನುಪಾತವನ್ನು ಹಗುರ, ಸಾಮಾನ್ಯ, ಭಾರ ಎಂಬಂತಹ ಹಂತಗಳಲ್ಲಿ ಆರಿಸಿಕೊಳ್ಳಲು ಡಿಜಿಟಲ್ ವಾದ್ಯಗಳಲ್ಲಿ ಅವಕಾಶವಿದೆ. ಸಾಂಪ್ರದಾಯಿಕ ವಾದ್ಯದಿಂದ ಬಂದವರು ಭಾರದ ಹಂತವನ್ನೂ, ಮಕ್ಕಳು ಮತ್ತು ವೃದ್ಧರು ಹಗುರ ಹಂತವನ್ನೂ ಪ್ರಯತ್ನಿಸಿ ನೋಡಬಹುದು.

ನೈಜ ವಾದ್ಯದಲ್ಲಿ ಹೆಚ್ಚು ರೀಡುಗಳು ನುಡಿದಷ್ಟೂ ಗಾಳಿ ಹೆಚ್ಚು ಖರ್ಚಾಗುತ್ತದೆ. ಮಾಸ್ಟರ್ ರಿಜಿಸ್ಟರ್‌ನಲ್ಲಿ ತಿದಿ ಬೇಗ ತೆರೆದುಕೊಳ್ಳುತ್ತದೆ, ಬಸೂನಿನಲ್ಲಿ ನಿಧಾನ. ವಾದಕ ತನ್ನ ಉಸಿರಿನಂತೆ ಇದನ್ನು ಲೆಕ್ಕವಿಟ್ಟು ನುಡಿಸುತ್ತಾನೆ. ರೀಡುಗಳಿಲ್ಲದ ವಾದ್ಯದಲ್ಲಿ ಗಾಳಿಗೆ ಅಂತಹ ದಾರಿಗಳಿಲ್ಲದ ಕಾರಣ, ಗಾಳಿ ಹೊರಹೋಗುವ ರಂಧ್ರವನ್ನು ಹಿಗ್ಗಿಸುವ ಇಲ್ಲವೇ ಕುಗ್ಗಿಸುವ ತಿರುಗುಗುಂಡಿಯೊಂದನ್ನು ಕೊಟ್ಟಿರುತ್ತಾರೆ. ಪರದೆಯ ಮೇಲಿನ ಅಂಕಿಗಳನ್ನು ಮುಟ್ಟುವ ಮೊದಲು ಈ ಗುಂಡಿಯನ್ನು ಹದಕ್ಕೆ ತರುವುದು ಒಳ್ಳೆಯದು. ತಿದಿಯ ಹದ ಬದಲಾದರೆ ಉಳಿದ ಹೊಂದಾಣಿಕೆಗಳನ್ನೆಲ್ಲ ಮತ್ತೆ ಪರಿಶೀಲಿಸಬೇಕಾಗುತ್ತದೆ.

ಶ್ರುತಿಭೇದ ಮತ್ತು ಭಾರತೀಯ ಸಂಗೀತ

ಭಾರತದಲ್ಲಿ ಅಕಾರ್ಡಿಯನ್ ಹೆಚ್ಚಾಗಿ ಕೇಳಿಬಂದದ್ದು ಚಲನಚಿತ್ರ ಸಂಗೀತದ ಮೂಲಕ. ಗೂಡಿ ಸೀರ್ವಾಯಿ, ಕೇರ್ಸಿ ಲಾರ್ಡ್, ಎನಾಕ್ ಡೇನಿಯಲ್ಸ್ ಮುಂತಾದ ವಾದಕರು ಹಿಂದಿ ಚಿತ್ರಗೀತೆಗಳಲ್ಲಿ ಅದನ್ನು ಮನೆಮಾತಾಗಿಸಿದರು. ಶಾಸ್ತ್ರೀಯ ಸಂಗೀತದ ಮಾತು ಬಂದಾಗ ಮಾತ್ರ ರೀಡಿನ ವಾದ್ಯಗಳು ಮೊದಲಿನಿಂದಲೂ ಆಕ್ಷೇಪಕ್ಕೆ ಗುರಿಯಾಗಿವೆ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಬಳಕೆಯನ್ನು ನಿಷೇಧಿಸಿತು. ಅದು ಸಡಿಲಗೊಂಡದ್ದು 1970ರ ದಶಕದ ಆರಂಭದಲ್ಲಿ. ಸ್ಥಿರ ಸ್ವರಗಳ ಈ ವಾದ್ಯದಲ್ಲಿ ಗಮಕ ಅಸಾಧ್ಯ ಮತ್ತು ಅದರ ಸಮಭಾಗದ ಸ್ವರಗಳು ನಮ್ಮ ಶ್ರುತಿಗೆ ಹೊಂದುವುದಿಲ್ಲ ಎಂಬುದು ಮುಖ್ಯ ಆಕ್ಷೇಪವಾಗಿತ್ತು.

ಎರಡನೆಯ ಆಕ್ಷೇಪವನ್ನು ಅಂಕಿಗಳಲ್ಲಿಯೇ ಹೇಳಬಹುದು. ತಂಬೂರಿಯ ಷಡ್ಜದಿಂದ ಸಹಜವಾಗಿ ಹೊಮ್ಮುವ ಅಂತರ ಗಾಂಧಾರ ಸುಮಾರು 386 ಸೆಂಟ್ ಎತ್ತರದಲ್ಲಿದ್ದರೆ, ಸಮಭಾಗದ ವಾದ್ಯದಲ್ಲಿ ಅದು 400 ಸೆಂಟ್. ಭೇದ 14 ಸೆಂಟ್. ಪ್ಯಾರಿಸ್ಸಿನ ನೃತ್ಯಶಾಲೆಯಲ್ಲಿ ಸೊಗಸೆನಿಸಿಕೊಂಡ ಪ್ರಮಾಣದ ಭೇದವೇ ತಂಬೂರಿಯ ಎದುರು ಅಪಶ್ರುತಿಯಾಗುತ್ತದೆ. ಕೆಲವು ಡಿಜಿಟಲ್ ಅಕಾರ್ಡಿಯನ್‌ಗಳಲ್ಲಿ ಸಮಭಾಗದ ಶ್ರುತಿಯನ್ನು ಬಿಟ್ಟು ಬೇರೆ ಶ್ರುತಿಕ್ರಮಗಳನ್ನು ಆರಿಸುವ, ಪ್ರತಿ ಸ್ವರವನ್ನೂ ಸೆಂಟ್ ಲೆಕ್ಕದಲ್ಲಿ ಸರಿಸುವ ಸೌಲಭ್ಯವಿದೆ. ಅಂತಹ ವಾದ್ಯದಲ್ಲಿ ಗಾಂಧಾರವನ್ನು 14 ಸೆಂಟ್ ಇಳಿಸಿ, ಮ್ಯೂಸೆಟ್ ಭೇದವನ್ನು ಶೂನ್ಯಕ್ಕೆ ತಂದು, ಕ್ಲಾರಿನೆಟ್ ಅಥವಾ ಬ್ಯಾಂಡೋನಿಯನ್ ರಿಜಿಸ್ಟರ್‌ನಲ್ಲಿ ನುಡಿಸಿದರೆ ಗಾಯನದ ಜೊತೆಗೆ ಹೊಂದುವ ನಾದ ದೊರೆಯಬಲ್ಲದು. ಗಮಕದ ಕೊರತೆ ಇದರಿಂದ ನೀಗುವುದಿಲ್ಲ. ಅಲ್ಲದೆ ಆಧಾರ ಷಡ್ಜ ಬದಲಾದಾಗ ಇಡೀ ಪಟ್ಟಿಯನ್ನು ಹೊಸದಾಗಿ ಹೊಂದಿಸಬೇಕಾಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ರೀಡಿನ ಜಾಗಕ್ಕೆ ವಿದ್ಯುನ್ಮಾನ ಬಂದ ಕಥೆ ಕರ್ನಾಟಕಕ್ಕೂ ಪರಿಚಿತ. ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್‌ನಾರಾಯಣ್ 1979ರಲ್ಲಿ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ತಿದಿ ಒತ್ತುವ ಹಳೆಯ ಶ್ರುತಿಪೆಟ್ಟಿಗೆಯ ಸ್ಥಾನದಲ್ಲಿ ಇಂದು ಸಂಗೀತ ಕಚೇರಿಗಳಲ್ಲಿಯೂ ಪಾಠದ ಮನೆಗಳಲ್ಲಿಯೂ ಇಂತಹ ಪೆಟ್ಟಿಗೆಗಳೇ ಸಾಮಾನ್ಯವಾಗಿವೆ.

ಉಳಿಸಿಕೊಳ್ಳುವ ಎಚ್ಚರ

ಉಕ್ಕಿನಲ್ಲಿ ಮಾಡಿದ ಶ್ರುತಿ ವರ್ಷಗಟ್ಟಲೆ ನಿಲ್ಲುತ್ತದೆ. ಅಂಕಿಯಲ್ಲಿ ಮಾಡಿದ ಶ್ರುತಿ, ಉಳಿಸುವ ಆಜ್ಞೆ ಕೊಡದೆ ವಾದ್ಯವನ್ನು ಆರಿಸಿದರೆ ಆ ಕ್ಷಣದಲ್ಲೇ ಅಳಿದುಹೋಗುತ್ತದೆ. ಗಂಟೆಗಟ್ಟಲೆ ಕುಳಿತು ಹೊಂದಿಸಿದ ರಿಜಿಸ್ಟರ್‌ಗಳನ್ನು ಹೀಗೆ ಕಳೆದುಕೊಳ್ಳುವುದು ಹೊಸಬರಿಗೆ ಸಾಮಾನ್ಯ ಅನುಭವ. ಆದ್ದರಿಂದ ಕೆಲವು ನಿಯಮಗಳನ್ನು ಪಾಲಿಸುವುದು ಸೂಕ್ತ.

ಮೊದಲನೆಯದಾಗಿ, ಕಾರ್ಖಾನೆಯ ಸಿದ್ಧ ಗುಂಪಿನ ಮೇಲೆಯೇ ಬರೆಯದೆ, ಖಾಲಿ ಇರುವ ಬಳಕೆದಾರರ ಸ್ಥಾನದಲ್ಲಿ ಉಳಿಸಬೇಕು. ಎರಡನೆಯದಾಗಿ, ಯುಎಸ್‌ಬಿ ಕಡ್ಡಿಗೆ ನಕಲಿಸುವ ಸೌಲಭ್ಯವಿದ್ದರೆ ಒಂದು ಪ್ರತಿಯನ್ನು ವಾದ್ಯದ ಹೊರಗೆ ಇಟ್ಟುಕೊಳ್ಳಬೇಕು. ತಂತ್ರಾಂಶವನ್ನು ನವೀಕರಿಸುವ ಮುನ್ನ ಇದು ಕಡ್ಡಾಯವೆಂದೇ ಭಾವಿಸಬೇಕು. ಮೂರನೆಯದಾಗಿ, ಮುಖ್ಯ ಅಂಕಿಗಳನ್ನು ಕಾಗದದ ಮೇಲೂ ಬರೆದಿಡಬೇಕು. ಒಂದು ಮಾದರಿಯ ಕಡತವನ್ನು ಮತ್ತೊಂದು ಮಾದರಿ ಓದದಿರಬಹುದು. ಆದರೆ 440ರಲ್ಲಿ 16 ಸೆಂಟ್ ಎಂಬ ಟಿಪ್ಪಣಿ ಯಾವ ವಾದ್ಯಕ್ಕಾದರೂ ಅನ್ವಯಿಸುತ್ತದೆ; ಉಕ್ಕನ್ನು ಉಜ್ಜುವ ಕುಶಲಕರ್ಮಿಗೂ ಅರ್ಥವಾಗುತ್ತದೆ. ನಾಲ್ಕನೆಯದಾಗಿ, ಹೆಡ್‌ಫೋನಿನಲ್ಲಿ ಹೊಂದಿಸಿದ ನಾದವನ್ನು ವಾದ್ಯದ ಸ್ವಂತ ಸ್ಪೀಕರಿನಲ್ಲಿಯೂ ಸಭಾಂಗಣದ ಧ್ವನಿವರ್ಧಕದಲ್ಲಿಯೂ ಕೇಳಿದ ನಂತರವೇ ಅಂತಿಮಗೊಳಿಸಬೇಕು. ಹೆಡ್‌ಫೋನಿನಲ್ಲಿ ಹಿತವಾಗಿದ್ದ ಅಲುಗಾಟ ಸಭಾಂಗಣದ ಪ್ರತಿಧ್ವನಿಯೊಂದಿಗೆ ಸೇರಿ ಕಲಸಿಹೋಗಬಹುದು.

ವಾದ್ಯದ ಆಯುಷ್ಯವೂ ಚಿಂತಿಸಬೇಕಾದ ವಿಷಯವೇ. ಮೇಣ, ಚರ್ಮ, ಉಕ್ಕುಗಳಿಂದಾದ ಹಳೆಯ ಅಕಾರ್ಡಿಯನ್ನನ್ನು ಬಲ್ಲವರು ಎಷ್ಟೋ ದಶಕಗಳ ನಂತರವೂ ದುರಸ್ತಿ ಮಾಡಬಲ್ಲರು. ಡಿಜಿಟಲ್ ವಾದ್ಯವಾದರೋ ಬ್ಯಾಟರಿ, ಸಂವೇದಕ, ವಿದ್ಯುನ್ಮಾನ ಫಲಕಗಳು ಮತ್ತು ತಯಾರಕರ ಬೆಂಬಲವನ್ನು ಅವಲಂಬಿಸಿದೆ. ವಿ-ಅಕಾರ್ಡಿಯನ್ ಹುಟ್ಟಿದ ಅಕ್ವಾವೀವಾ ಪಿಚೇನಾದ ಘಟಕವನ್ನೇ ಮುಚ್ಚಲು ರೋಲ್ಯಾಂಡ್ 2013ರಲ್ಲಿ ನಿರ್ಧರಿಸಿತು. ವಾದ್ಯ ಖರೀದಿಸುವವರು ಧ್ವನಿಯ ಜೊತೆಗೆ ದುರಸ್ತಿಯ ಅನುಕೂಲವನ್ನೂ ವಿಚಾರಿಸಿಕೊಳ್ಳುವುದು ಒಳಿತು.

ಇಷ್ಟಾದರೂ ಡಿಜಿಟಲ್ ಅಕಾರ್ಡಿಯನ್ ಕಲಿಯುವವರಿಗೆ ಒದಗಿಸಿರುವ ಒಂದು ಅವಕಾಶ ಹಿಂದೆಂದೂ ಇರಲಿಲ್ಲ. ಒಣ ಶ್ರುತಿಗೂ ಫ್ರೆಂಚ್ ಮ್ಯೂಸೆಟ್ಟಿಗೂ ಇರುವ ಅಂತರವನ್ನು ಕೇಳಿ ತಿಳಿಯಲು ಹಿಂದೆ ಎರಡು ವಾದ್ಯಗಳು ಬೇಕಿದ್ದವು. ಈಗ ಒಂದೇ ವಾದ್ಯದಲ್ಲಿ, ಒಂದೇ ಧಾಟಿಯನ್ನು, ಎರಡೆರಡು ಸೆಂಟ್ ಏರಿಸುತ್ತಾ ನುಡಿಸಿ ಕಿವಿಯನ್ನು ಪಳಗಿಸಿಕೊಳ್ಳಬಹುದು. ಹಾಗೆ ಪಳಗಿದ ಕಿವಿಯುಳ್ಳ ವಾದಕನಿಗೆ ಸಿದ್ಧ ಶೈಲಿಗಳ ಪಟ್ಟಿಯ ಹಂಗು ಉಳಿಯುವುದಿಲ್ಲ. ತನ್ನ ಸಂಗೀತಕ್ಕೆ ಎಷ್ಟು ಅಲುಗಾಟ ಬೇಕೆಂಬುದನ್ನು, ಕಾಸ್ಟೆಲ್‌ಫಿದಾರ್ದೊದ ಕುಶಲಕರ್ಮಿಗಳು ಮಾಡುತ್ತಾ ಬಂದಂತೆ, ಆತ ಕೇಳಿಯೇ ನಿರ್ಧರಿಸಬಲ್ಲ.